ನಾನು ದಾಟಿಸದೆ ಬಿಟ್ಟ ಉತ್ತರ

ಅಬೇನಾ ಮೇಡಂ, ನಿಮ್ಮ ಪುಸ್ತಕದಲ್ಲಿ ಒಂದು ಸುಳ್ಳಿದೆ. ಅದನ್ನು ಹೇಳಿದವಳು ನಾನು.

ಘಾನಾದಿಂದ ನೀವು ಈ ಪುಸ್ತಕಕ್ಕಾಗಿ ಸವದತ್ತಿಗೆ ಬಂದಾಗ, ಬೈಲಹೊಂಗಲದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳೆಂದು ನನ್ನನ್ನು ದುಭಾಷಿಯಾಗಿ ಕರೆದೊಯ್ದಿರಿ. ಗಂಡು-ಹೆಣ್ಣೆಂಬ ಎರಡೇ ಲೆಕ್ಕಕ್ಕೆ ಸಿಗದವರನ್ನು ನಿಮ್ಮ ನಾಡಿನಲ್ಲಿ ಬಿಳಿಯರು ತಂದ ರೋಗ ಎನ್ನುತ್ತಾರಂತೆ; ಆದರೆ ಅಜ್ಜಿಯರನ್ನು ಕೇಳಿದರೆ, ಹಿಂದೆ ಇಂಥವರಿಗೂ ಮನೆಯೊಳಗೆ ಒಂದು ಹೆಸರಿತ್ತು ಎನ್ನುತ್ತಾರೆ — ಇದು ನಿಮ್ಮ ಜೀವಮಾನದ ವಾದ. ಹಾಗಾಗಿ ಎಲ್ಲಮ್ಮನ ಗುಡ್ಡದ ಕೆಳಗೆ, ದೇವಿಗೆ ಮುಡಿಪಾಗಿ ಸೀರೆಯುಟ್ಟು, ಚೌಡಕಿ ವಾದ್ಯ ಹಿಡಿದು ಕುಳಿತಿದ್ದ ಜೋಗಪ್ಪನಿಗೆ ನೀವು ಮೊದಲು ಕೇಳಿದ್ದೇ ಅದು: ನಿಮ್ಮ ಮನೆಯವರು ನಿಮ್ಮನ್ನು ಏನೆಂದು ಕರೆಯುತ್ತಾರೆ?

ನಾನು ಯಾರ ಮಗಳೆಂದು ಅವರು ಆಗಲೇ ಕೇಳಿ ತಿಳಿದುಕೊಂಡಿದ್ದರು. ನನ್ನ ಕಡೆಗೇ ನೋಡಿದರು.

“ಇಕಿನ್ನ ಕೇಳ್ರಿ. ಸಣ್ಣಾಕಿದ್ದಾಗ ಹೆಗಲ ಮ್ಯಾಲೆ ಹೊತ್ಕೊಂಡು ತಿರಗೀನಿ. ನಾ ಇಕಿ ಕಾಕಾ ಅದೀನ್ರಿ.”

ನಮ್ಮ ಮನೆಯಲ್ಲಿ ಕಾಕಾ, ಅಂದರೆ ಅಪ್ಪನ ತಮ್ಮ, ಸತ್ತಿದ್ದರು. ಪುಣೆಯಲ್ಲಿ ತೀರಿಕೊಂಡರೆಂದು ಅಪ್ಪ ಹೇಳಿದ್ದರು. ಅಜ್ಜನ ಪಕ್ಕದಲ್ಲೇ ತೂಗುಹಾಕಿದ ಅವರ ಫೋಟೋಕ್ಕೆ ಪ್ರತಿ ಅಮಾವಾಸ್ಯೆ ವಿಭೂತಿ ಹಚ್ಚುತ್ತಿದ್ದವಳು ನಾನೇ. ಈಗ ನನ್ನೆದುರು ಅದೇ ಮೂಗು, ಎಡಹುಬ್ಬಿನ ಮೇಲೆ ಅದೇ ಗಾಯದ ಕಲೆ. ಅಪ್ಪನಿಗೆ ಗೊತ್ತಿದ್ದೂ, ಅವ್ವನಿಗೂ ಗೊತ್ತಿದ್ದೂ, ಬದುಕಿರುವವರನ್ನು ಸತ್ತರೆಂದಿದ್ದರು. ಏನೆಂದರು ಎಂದು ನೀವು ಕೇಳಿದಿರಿ.

“ಮನೆಯವರು ಅಂತ ಯಾರೂ ಇಲ್ಲವಂತೆ,” ಎಂದೆ, ಇಂಗ್ಲಿಷಿನಲ್ಲಿ.

ನೀವು ಅವರ ಕೈ ಹಿಡಿದು ಅತ್ತಿರಿ. ಮನೆತನದ ಮರ್ಯಾದೆ ಉಳಿಯಿತೆಂದು ನನಗೆ ಸಮಾಧಾನವಾಯಿತು — ಹೌದು, ಸಮಾಧಾನ.

ಮೂರು ವರ್ಷದ ಮೇಲೆ, ಕಳೆದ ತಿಂಗಳು ನಿಮ್ಮ ಪುಸ್ತಕ ಬಂತು. ಆ ಒಂದು ಮಾತಿನ ಮೇಲೆ ಇಡೀ ಅಧ್ಯಾಯ ಕಟ್ಟಿದ್ದೀರಿ: ಇಲ್ಲಿ ಇಂಥವರಿಗೆ ಮನೆಯೂ ಇಲ್ಲ, ಕರೆಯುವ ಹೆಸರೂ ಇಲ್ಲ. ಮೊದಲ ಪುಟದಲ್ಲಿ ನನಗೆ ಕೃತಜ್ಞತೆ ಬೇರೆ. ಪುಸ್ತಕ ಮುಚ್ಚಿಟ್ಟೆ. ಮರುದಿನವೇ ಸವದತ್ತಿ ಬಸ್ಸು ಹತ್ತಿದೆ.

ಕಾಕಾ — ಈಗ ಏನೆಂದು ಕರೆಯಬೇಕೋ, ಅದನ್ನೂ ಕೇಳಿಲ್ಲ — ಚಹಾ ಮಾಡಿಕೊಟ್ಟರು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ಅವತ್ತು ಆ ಮೇಡಂ ನನ್ನ ಕೈ ಹಿಡದು ಅತ್ರಲ್ಲವಾ, ನನ್ನ ಮಗಳು ಎಲ್ಲಾ ಖರೇ ಹೇಳ್ಯಾಳ ಅಂತ ಜೀವ ತಣ್ಣಗಾತು.”

ನಿಜ ಹೇಳದೆ ಚಹಾ ಕುಡಿದು ಎದ್ದು ಬಂದೆ. ಅದು ನನ್ನ ಎರಡನೆಯ ಸುಳ್ಳು.

ಅಧ್ಯಾಯವನ್ನು ತಿದ್ದಿರಿ, ಮೇಡಂ. ಸುಳ್ಳು ಹೇಳಿದವಳೆಂದು ನನ್ನ ಹೆಸರನ್ನೂ ಹಾಕಿರಿ. ಈ ಪತ್ರವನ್ನು ಇಂಗ್ಲಿಷಿಗೆ ತಂದು ನಿಮಗೆ ಕಳಿಸುವ ಮೊದಲು, ನಾಳೆ ಅವರೆದುರು ಕುಳಿತು ಕನ್ನಡದಲ್ಲೇ ಓದುತ್ತೇನೆ. ತಣ್ಣಗಾದ ಜೀವಕ್ಕೆ ಕೆಂಡ ಇಟ್ಟಂತಾಗುತ್ತದೆ, ಗೊತ್ತು. ಆದರೂ ಓದುತ್ತೇನೆ.