ಎರಡು ಮನೆಯ ಹಗೇವು

ನಮ್ಮ ಕಾಲದಲ್ಲಿ ಜೋಳ ಮನೆಯೊಳಗೆ ಇರುತ್ತಿರಲಿಲ್ಲ, ನೆಲದೊಳಗೆ ಇರುತ್ತಿತ್ತು. ಆ ಗುಂಡಿಗೆ ಹಗೇವು ಅನ್ನುತ್ತಿದ್ದೆವು. ಕಂಪ್ಲಿ ಕಡೆಯ ನಮ್ಮೂರಲ್ಲಿ ನಮಗೂ ಪಕ್ಕದ ಬಸಪ್ಪನ ಮನೆಗೂ ಸೇರಿ ಒಂದೇ ಹಗೇವು. ಜೋಳ ತುಂಬಿ, ಬಾಯಿಗೆ ಬಂಡೆ ಎಳೆದು, ಮಣ್ಣು ಮೆತ್ತಿ, ಹಸಿ ಮಣ್ಣಿನ ಮೇಲೆ ಎರಡೂ ಮನೆಯ ಯಜಮಾನರು ಅಂಗೈ ಒತ್ತುತ್ತಿದ್ದರು. ತೆಗೆಯುವಾಗಲೂ ಇಬ್ಬರೂ ಎದುರಿಗಿರಬೇಕು.

ನನಗೆ ಎಂಟೋ ಒಂಬತ್ತೋ. ಆ ವರ್ಷ ಕಾಲುವೆ ನೀರಿನ ಪಾಳಿಗೆ ನಮ್ಮಪ್ಪನೂ ಬಸಪ್ಪನೂ ಬಡಿದಾಡಿದರು. ತಲೆ ಒಡೆಯಿತು, ಕೇಸಾಯಿತು. ಒಬ್ಬರ ಗದ್ದೆಗೆ ಒಬ್ಬರು ನೀರು ಬಿಡಲಿಲ್ಲ, ಭತ್ತ ಒಣಗಿತು. ಹಗೇವು ತೆರೆಯಲೂ ಇಬ್ಬರೂ ಕೂಡಲಿಲ್ಲ. ಮೂರು ತಿಂಗಳು ನುಚ್ಚಿನ ಗಂಜಿ, ಪುಂಡಿಸೊಪ್ಪಿನ ಪಲ್ಯ.

“ಬಸಪ್ಪಣ್ಣನ್ನ ಕರೀರಿ. ಹುಡುಗ್ರು ಹಸ್ಕೊಂಡಾವ,” ಅಂದಳು ಅವ್ವ.

“ನಾ ಯಾಕ ಹೋಗ್ಲಿ? ಅವನ ಬರ್ಲಿ,” ಅಂದ ಅಪ್ಪ.

“ಹಂಗಾರ ನಿಮ್ಮ ಮೀಸೀನ ಕುದಿಸ್ತೀನಿ, ಉಣ್ರಿ.”

ಬಸಪ್ಪನ ಮಗಳು ಈರಿ ನನ್ನ ಗೆಳತಿ. ಕದ್ದು ಆಡುತ್ತಿದ್ದೆವು. ಒಂದು ಮಧ್ಯಾಹ್ನ ಅವಳು, “ಲೇ, ಹಗೇವಿನಾಗಿಂದ ಒಂದು ಬೊಗಸಿ ಜ್ವಾಳ ತೆಗ್ಯೂಣು. ನಿಂದು ಕಡ್ಡಿ ಕೈ, ಹೊಕ್ಕತೈತಿ,” ಅಂದಳು. ಅಪ್ಪನ ಅಂಗೈ ಗುರುತು ಕೆಡಿಸಲು ನನಗೆ ಧೈರ್ಯ ಬರಲಿಲ್ಲ. ಬಸಪ್ಪನ ಗುರುತಿದ್ದ ಕಡೆ ಬಂಡೆಯ ಸಂದಿನ ಮಣ್ಣನ್ನು ಕುಡುಗೋಲಿನಿಂದ ಕೆದರಿದೆ. ಭುಜದವರೆಗೂ ಕೈ ತೂರಿಸಿದರೂ ಬಿಸಿ ಗಾಳಿ, ಗುಂಡಿಯ ಸುತ್ತ ಹೊದಿಸಿದ್ದ ಹುಲ್ಲಿನ ವಾಸನೆ, ಅಷ್ಟೇ. ಜೋಳ ಸಿಗಲಿಲ್ಲ. ಯಾರೋ ಕೆಮ್ಮಿದರು. ತೂತಿಗೆ ಒಣ ಮಣ್ಣು ತುರುಕಿ ಓಡಿದೆವು.

ಎರಡೇ ದಿನಕ್ಕೆ ಮಳೆ ಹಿಡಿಯಿತು, ವಾರ ಬಿಡಲಿಲ್ಲ.

ಊರ ಹಿರಿಯರು ಗದರಿಸಿ ಇಬ್ಬರನ್ನೂ ನಿಲ್ಲಿಸಿ ಬಂಡೆ ತೆಗೆಸಿದಾಗ ನಾತಕ್ಕೆ ಎಲ್ಲರೂ ಹಿಂದೆ ಸರಿದರು. ಜೋಳ ಕಪ್ಪಗೆ ಮುದ್ದೆಯಾಗಿತ್ತು. ಎಮ್ಮೆಯೂ ಮೂಸಲಿಲ್ಲ.

“ಯಾರ ಕೈ ಗುರ್ತಿನ ಕಡೆ ಒಡದೈತಿ ನೋಡ್ರಿ,” ಅಂದ ಅಪ್ಪ.

“ನನ್ನ ಮಕ್ಕಳಾಣಿ, ನಾ ಮುಟ್ಟಿಲ್ಲ,” ಅಂದ ಬಸಪ್ಪ. ಯಾರೂ ನಂಬಲಿಲ್ಲ. ಈರಿ ಅವಳವ್ವನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ನೆಲ ನೋಡಿದೆ.

ಊರಲ್ಲಿ ಕಳ್ಳರೆನಿಸಿಕೊಂಡು, ಉಣ್ಣಲೂ ಇಲ್ಲದೆ, ಅವರ ಮನೆಯವರೆಲ್ಲ ಸಂಡೂರಿನ ಗಣಿಗೆ ಅದಿರು ಹೊರಲು ಹೋದರು. ಈರಿಯ ತಲೆಯ ಮೇಲೂ ಬುಟ್ಟಿ ಬಂತು.

ಈಗ ರೇಷನ್ ಅಕ್ಕಿ ತಿಂಗಳು ತಿಂಗಳು ಬರುತ್ತದೆ. ಹಗೇವು ಮುಚ್ಚಿ ಸಿಮೆಂಟ್ ರಸ್ತೆ ಮಾಡಿದ್ದಾರೆ. ಜೋಳ ಕೆಡಿಸಿದವರು ಬಸಪ್ಪನ ಮನೆಯವರು ಎಂದು ನನ್ನ ಮೊಮ್ಮಕ್ಕಳೂ ಹೇಳುತ್ತಾರೆ. ಅಪ್ಪ ಇರುವ ತನಕ ಹೆದರಿ ಸುಮ್ಮನಿದ್ದೆ, ಆಮೇಲೆ ನಾಚಿ. ಹೋದ ವರ್ಷ ಈರಿ ತೀರಿಕೊಂಡಳು. ಮಣ್ಣಿಗೆ ಹೋದಾಗ, ಹಗೇವಿನ ವಿಷಯ ಅವಳೇನಾದರೂ ಹೇಳಿದ್ದಳೇ ಎಂದು ಅವಳ ಮಗನನ್ನು ಕೇಳಿದೆ. ತನ್ನವ್ವ ನನ್ನ ಹೆಸರನ್ನೇ ಎಂದೂ ಎತ್ತಿರಲಿಲ್ಲ ಅಂದ.