ಮಡಿವಾಳರ ಮನೆಯ ಕಟ್ಟುಬಟ್ಟೆ

ನಮ್ಮ ಮಾವನವರು ವಾರದ ಆರು ದಿನ ಬೆಲ್ಲದ ಮಂಡಿಯಲ್ಲಿ ಕೂತು ಗೋಡೆಗೂ ಕೇಳಿಸದ ಹಾಗೆ ಮಾತಾಡುವ ಮನುಷ್ಯ. ಸೋಮವಾರ ಮಾತ್ರ ಅವರ ಗಂಟಲು ತೆರೆಯುತ್ತಿತ್ತು. ಸೋಮವಾರ ಬಸವನ ದಿನ. ನಮ್ಮ ಕಡೆ ಅವತ್ತು ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅವರು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒದ್ದೆಯಾಗಿರುವಾಗಲೇ ಹಿತ್ತಿಲ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು.

“ಕಟ್ಟೆಮಳಲವಾಡಿ ಮೂಡ್ಲ ಮನೆಯವ್ರ ಹುಲ್ಲು! ಬಸವ ಉಣ್ಲಿ!”

“ಚುಂಚನಕಟ್ಟೆ ಗಾಣದವ್ರ ಹರಳೆಣ್ಣೆ! ಬಸವ ಉಣ್ಲಿ!”

“ಕೋಟೆ ಸೀಮೆ ಗೌಡ್ರ ಬಿದಿರು! ಬಸವ ಉಣ್ಲಿ!”

ಆ ಕೊಟ್ಟಿಗೆಗೆ ನಮ್ಮೂರು ಭೇರ್ಯದ ಸುತ್ತಮುತ್ತ ‘ಕುಂಟರ ಕೊಟ್ಟಿಗೆ’ ಎಂದೇ ಹೆಸರು. ಗಾಡಿಯಡಿ ಸಿಕ್ಕಿ ಕಾಲು ಮುರಿದ ಎತ್ತು, ನೊಗ ಉಜ್ಜಿ ಹೆಗಲು ಕೊಳೆತ ಎತ್ತು, ಮುದಿಯಾಯಿತೆಂದು ಯಾರೋ ಬಿಟ್ಟುಹೋದ ಹಸು, ಎಲ್ಲವೂ ಅಲ್ಲಿ. ಅದು ನಡೆಯುತ್ತಿದ್ದದ್ದು ನಾಲ್ಕು ತಾಲ್ಲೂಕಿನ ಜನ ಕೊಟ್ಟದ್ದರಲ್ಲಿ. ಔಷಧಿಯ ಖರ್ಚು ಹುಣಸೂರಿನ ಮರದ ವ್ಯಾಪಾರಿಯೊಬ್ಬರದು. ಮಂಗಳವಾರ, ಶುಕ್ರವಾರ ಕೃಷ್ಣರಾಜನಗರದಿಂದ ದನದ ಡಾಕ್ಟರು ಸೈಕಲ್ಲಿನಲ್ಲಿ ಬರುತ್ತಿದ್ದರು. ಕೊಟ್ಟವರ ಮನೆಯನ್ನು ಹೀಗೆ ಕೂಗಿ ಹೇಳುವುದು ಮಾವನವರು ತಾವೇ ಮಾಡಿಕೊಂಡ ಕಟ್ಟಳೆ. ಆ ಮನೆಯವರು ಯಾರಾದರೂ ಅಲ್ಲಿದ್ದರೆ “ಉಣ್ಲಿ ಬುಡಿ” ಎನ್ನಬೇಕು.

ಬಿದಿರನ್ನೂ ಎಣ್ಣೆಯನ್ನೂ ಬಸವ ಹೇಗೆ ಉಂಡಾನು ಎಂದು ಮದುವೆಯಾದ ಹೊಸದರಲ್ಲಿ ನಾನು ಸೆರಗು ಬಾಯಿಗಿಟ್ಟು ನಕ್ಕಿದ್ದೆ. ದನದ ಮೈಯ ಉಣ್ಣೆ ಸಾಯಿಸಲೆಂದು ನನ್ನ ತವರಿನವರು ಹೊಗೆಸೊಪ್ಪಿನ ದಂಟು ಕಳಿಸಿದರು ನೋಡಿ, ಆಗ “ಪಿರಿಯಾಪಟ್ಟಣದ ಬೀಗರ ದಂಟು! ಬಸವ ಉಣ್ಲಿ!” ಎಂದು ಮಾವ ಕೂಗಿದ್ದಕ್ಕೆ ಇಡೀ ಕೇರಿಗೆ ಕೇಳುವ ಹಾಗೆ “ಉಣ್ಲಿ ಬುಡಿ” ಎಂದವಳೂ ನಾನೇ. ಉಂಡಿದ್ದರೆ ಬಸವ ಅವತ್ತೇ ಶಿವನ ಪಾದ ಸೇರುತ್ತಿದ್ದ.

ಮೈಸೂರು ರಾಜ್ಯ ಇನ್ನೂ ದೊಡ್ಡದಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಕೊಟ್ಟಿಗೆಯಲ್ಲಿ ಬಟ್ಟೆಯ ಉಸ್ತುವಾರಿ ನನ್ನದು. ಊರವರು ಕೊಟ್ಟ ಹಳೇ ಸೀರೆ, ಪಂಚೆಗಳನ್ನು ಹರಿದು ಗಾಯಕ್ಕೆ ಕಟ್ಟುವ ಪಟ್ಟಿ ಮಾಡುವುದು, ರಕ್ತ ಕೀವು ಆದದ್ದನ್ನು ಮಡಿವಾಳಗಿತ್ತಿಗೆ ಹಾಕುವುದು, ಒಗೆದು ಬಂದದ್ದನ್ನು ಮಡಿಸಿ ಡಾಕ್ಟರ ಕೈಗೆ ಕೊಡುವುದು. ಆ ಮಡಿವಾಳಗಿತ್ತಿ ನನ್ನ ತಾಯಿಗಿಂತ ಹಿರಿಯಳು. ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಊರಾಚೆ ಗುಡಿಸಲಿನಲ್ಲಿ ಅವಳು, ಅವಳದೊಂದು ಹೆಣ್ಣು ಕತ್ತೆ. ಊರಿನ ಬಟ್ಟೆಯನ್ನೆಲ್ಲ ನಾಲೆಯವರೆಗೆ ಹೊರುತ್ತಿದ್ದದ್ದು ಆ ಕತ್ತೆ. ಅದಿಲ್ಲದಿದ್ದರೆ ಅವಳಿಗೆ ಕಸುಬಿಲ್ಲ, ಕಸುಬಿಲ್ಲದಿದ್ದರೆ ಹೊಟ್ಟೆಗಿಲ್ಲ. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಕಣದಲ್ಲಿ ಅವಳಿಗೆ ಇಷ್ಟು ರಾಗಿ, ಇಷ್ಟು ಭತ್ತ ಅಳೆದು ಕೊಡುತ್ತಿದ್ದರು. ವರ್ಷವಿಡೀ ಬಟ್ಟೆ ಒಗೆದದ್ದಕ್ಕೆ ಅದೇ ಅವಳ ಆಯ.

ನನಗೆ ಕೋಪ ಮೂಗಿನ ತುದಿಯಲ್ಲೇ. ಈಗ ವಯಸ್ಸಾಗಿ ಮೂಗಿಗೆ ಕನ್ನಡಕ ಬಂದಿದೆ, ಕೋಪ ಮಾತ್ರ ಜಾಗ ಬಿಟ್ಟಿಲ್ಲ. ಆ ವರ್ಷ ಹುಣಸೂರಿನ ಕಡೆಯಿಂದ ಹೆಗಲು ಪೂರ್ತಿ ಕೊಳೆತ ಎತ್ತೊಂದು ಬಂತು. ದಿನಕ್ಕೆ ಎರಡು ಸಲ ಪಟ್ಟಿ ಬದಲಾಯಿಸಬೇಕು, ಎಷ್ಟು ಬಟ್ಟೆ ಇದ್ದರೂ ಸಾಲದು. ಒಂದು ಶುಕ್ರವಾರ ಡಾಕ್ಟರು ಗಾಯ ಬಿಚ್ಚಿ ತೊಳೆದು ನನ್ನ ಕಡೆ ಕೈ ಚಾಚಿದರು. ಕೊಡಲು ಒಂದು ಒಗೆದ ಚೂರೂ ಇರಲಿಲ್ಲ.

“ಏನಮ್ಮ, ಗಾಯ ಬಿಚ್ಚಿಟ್ಟುಕೊಂಡು ನಾನು ನೊಣ ಓಡಿಸ್ತಾ ಕೂರ್ಲಾ?” ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಧ್ಯಾಹ್ನ ಮಡಿವಾಳಗಿತ್ತಿ ಬಂದಾಗ ಹಿತ್ತಿಲ ಬಾಗಿಲಲ್ಲೇ ಅವಳನ್ನು ತಡೆದು ನಿಲ್ಲಿಸಿದೆ.

“ಆಯ ಅಳೆಸ್ಕೊಳ್ಳೋವಾಗ ಎಲ್ಲರಿಗಿಂತ ಮುಂದೆ ಬತ್ತೀಯ. ಕೆಲಸ ಅಂದ್ರೆ ನಾಳೆ, ನಾಡಿದ್ದು! ಬಸವನ ಬಟ್ಟೆ ಅಂದ್ರೆ ಅಷ್ಟು ಸದರವಾ ನಿಂಗೆ?”

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು.

“ತಪ್ಪಾಯ್ತು ಬುಡಿ ಅವ್ವ. ನಾಳೀಕೇ ತತ್ತೀನಿ” ಎಂದು ಗಂಟು ಎತ್ತಿಕೊಂಡು ಹೋದಳು.

ಮಾರನೆಯ ದಿನದಿಂದ ಬಟ್ಟೆ ಹೇಳಿದ ಹೊತ್ತಿಗೆ ಬರತೊಡಗಿತು. ಬೈದದ್ದು ಫಲ ಕೊಟ್ಟಿತು ಎಂದು ನಾನು ಬೀಗಿದೆ. ಅತ್ತೆಯ ಮುಂದೆ ಹೇಳಿಕೊಂಡೆ ಕೂಡ. ಅವಳು ಗಂಟನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದದ್ದನ್ನು ಕಣ್ಣು ನೋಡುತ್ತಿತ್ತು, ಬುದ್ಧಿ ನೋಡಲಿಲ್ಲ. ಹತ್ತು ದಿನ ಕಳೆದು ಒಂದು ಸೋಮವಾರ ಬೆಳಿಗ್ಗೆ, ಮಾವನವರು ಕೂಗುವುದು ಮುಗಿಸಿ ಮಂಡಿಯ ಕಡೆ ಹೋದ ಮೇಲೆ, ಅವಳು ಗಂಟು ಇಳಿಸಲು ಬಗ್ಗಿದಳು. ಆಗ ಕಂಡಿತು. ಅವಳ ಸೀರೆಗೆ ಸೆರಗೇ ಇರಲಿಲ್ಲ. ಒಂದು ಮೊಳಕ್ಕಿಂತ ಹೆಚ್ಚು ಹರಿದುಹೋಗಿತ್ತು, ಉಳಿದ ಗೇಣನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

“ಕತ್ತೆ ಎಲ್ಲಿ?” ಎಂದೆ.

“ಮೇಯಕ್ ಬುಟ್ಟಿವ್ನಿ” ಎಂದಳು, ನೆಲ ನೋಡುತ್ತ.

ನಾನು ಅವಳ ಹಿಂದೆಯೇ ನಡೆದೆ. ಗುಡಿಸಲಿನ ಹಿಂದೆ ಕತ್ತೆ ಮಲಗಿತ್ತು. ಹಿಂಗಾಲಿಗೆ ಅವಳ ಸೆರಗು ಸುತ್ತಿತ್ತು. ಒಳಗೆ ಸೀತಾಫಲದ ಸೊಪ್ಪು ಅರೆದು ಮೆತ್ತಿದ್ದಳು, ಹುಳ ಬೀಳದಿರಲಿ ಎಂದು. ಆದರೂ ವಾಸನೆ ಎದ್ದಿತ್ತು. ಪಕ್ಕದ ಹಗ್ಗದ ಮೇಲೆ ನಮ್ಮ ಕೊಟ್ಟಿಗೆಯ ಪಟ್ಟಿಗಳು ಬೆಳ್ಳಗೆ ಸಾಲಾಗಿ ಒಣಗುತ್ತಿದ್ದವು.

“ಇಷ್ಟು ಬಟ್ಟೆ ಪಕ್ಕದಲ್ಲೇ ಇಟ್ಕೊಂಡು ಉಟ್ಟ ಸೀರೆ ಯಾಕೆ ಹರಿದೆ?”

“ಅವು ಬಸವನ ಬಟ್ಟೆ ಕಣವ್ವ. ಕತ್ತೆಗೆ ಕಟ್ಟಾದುಂಟಾ?”

ಯಾವತ್ತು ಆಯಿತು ಎಂದು ಕೇಳಿದೆ. ಅವಳು ಹೇಳಲು ಹಿಂದೆ ಮುಂದೆ ನೋಡಿದಳು. ನಾನು ಬಿಡಲಿಲ್ಲ. ನಾನು ಬೈದ ಮಾರನೆಯ ದಿನವೇ. ಬಸವನ ಬಟ್ಟೆ ತಡವಾಗಬಾರದೆಂದು ಎರಡು ಸಲಕ್ಕೆ ಹೊರಿಸುವ ಗಂಟನ್ನು ಒಂದೇ ಸಲ ಹೇರಿದ್ದಳು. ನಾಲೆಯ ಮೆಟ್ಟಿಲು ಪಾಚಿ ಕಟ್ಟಿತ್ತು.

“ಜಾರ್ಬುಡ್ತು. ನಿಮ್ದೇನೂ ತಪ್ಪಿಲ್ಲ ಬುಡಿ. ನಾನೇ ನೋಡ್ದೆ ಹೇರ್ದೆ” ಎಂದು ಕತ್ತೆಯ ಕಿವಿ ಸವರಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಖ ಎಲ್ಲಿಡಬೇಕೋ ತಿಳಿಯದೆ, ಈ ಸಲ ಆಯ ಜಾಸ್ತಿ ಅಳೆಸುತ್ತೇನೆ ಎಂದೆ. ಅವಳಿಗೆ ನಗು ಬಂತು.

“ಆಯ ಮನೆ ಬಟ್ಟೆಗೆ ಅವ್ವ. ಬಸವನ ಬಟ್ಟೆಗೆ ಆಯ ಎಲ್ಲದೆ? ಅದು ನನ್ನ ಕಡೆಯಿಂದ. ಬುದ್ಧಿಯೋರು ಕೊಟ್ಟಿಗೆ ಕಟ್ಟಿದ್ ವರ್ಸದಿಂದ್ಲೂ ಅಂಗೇಯ. ಹುಲ್ಲು ಕೊಡಾಕೆ ನಂಗೆ ಒಲ ಇಲ್ಲ, ಎಣ್ಣೆ ಕೊಡಾಕೆ ಗಾಣ ಇಲ್ಲ. ರಟ್ಟೆ ಅದೆಯಲ್ಲ.”

ಮಾವನವರು ಮಂಡಿಯಲ್ಲಿ ಅಚ್ಚುಬೆಲ್ಲ ಜೋಡಿಸುತ್ತಿದ್ದರು. ನಾನು ಹೋಗಿ ಕತ್ತೆಯನ್ನು ಕೊಟ್ಟಿಗೆಗೆ ತರಬೇಕು, ನಾಳೆ ಡಾಕ್ಟರಿಗೆ ತೋರಿಸಬೇಕು ಎಂದೆ. ಅವರು ತಲೆ ಎತ್ತಲಿಲ್ಲ.

“ಅದೆಂಗಾದದು ಮಗ? ಜನ ಬಸವನ ಹೆಸರಲ್ಲಿ ಕೊಟ್ಟವ್ರೆ. ಅದನ್ನ ಕತ್ತೆಗೆ ಹಾಕುದ್ರೆ ಕೊಟ್ಟೋರ್ಗೆ ನಾನೇನು ಹೇಳ್ಲಿ? ಆಯಮ್ಮಂಗೆ ಬೇಕಾದ್ರೆ ಮನೆಯಿಂದ ರಾಗಿ ಕೊಡು.”

“ಮಾವ, ಪಟ್ಟಿ ಒಗೆಯೋದಕ್ಕೆ ಅವಳಿಗೆ ಏನು ಕೊಡ್ತಾ ಇದ್ದೀವಿ?”

“ಆಯದಲ್ಲೇ ಬಂತಲ್ಲ.”

“ಆಯ ಮನೆ ಬಟ್ಟೆಗೆ. ನೀವೂ ಬಂತು ಅಂದ್ಕೊಂಡ್ರಿ, ಅತ್ತೇನೂ ಅಂದ್ಕೊಂಡ್ರು, ನಾನಂತೂ ಬಾಯಿ ಬಿಟ್ಟು ಅಂದೇಬಿಟ್ಟೆ. ಬಂದೇ ಇಲ್ಲ. ಕೊಟ್ಟಿಗೆ ಕಟ್ಟಿದಾಗಿನಿಂದ ಅವಳು ಕೊಡ್ತಾ ಇದ್ದಾಳೆ.”

ಅವರ ಕೈಯಲ್ಲಿದ್ದ ಬೆಲ್ಲದಚ್ಚು ಹಾಗೇ ಉಳಿಯಿತು. ಆಮೇಲೆ ಅದನ್ನು ಕೆಳಗಿಟ್ಟು, ಪಂಚೆ ಎತ್ತಿ ಕಟ್ಟಿ, ಮಂಡಿಯ ಇಬ್ಬರು ಹಮಾಲರನ್ನು ಕರೆದು ಗಾಡಿ ಹೊರಗೆಳೆಯಲು ಹೇಳಿದರು. ಹಮಾಲರು ಮುಖ ಮುಖ ನೋಡಿಕೊಂಡರು.

“ಸ್ವಾಮ್ವಾರ ಅಲ್ವಾ ಬುದ್ಧಿ, ಎತ್ತು ಕಟ್ಟಂಗಿಲ್ಲ” ಎಂದ ಒಬ್ಬ.

“ಸ್ವಾಮ್ವಾರ ಎತ್ತಿಗೆ ಕಣ್ಲಾ. ನಂಗಲ್ಲ” ಎಂದು ಮಾವನವರು ನೊಗದ ಒಂದು ತುದಿಗೆ ತಾವೇ ಹೆಗಲು ಕೊಟ್ಟರು.

ಬೆಲ್ಲದ ಸಾಹುಕಾರರು ಗಾಡಿ ಎಳೆದುಕೊಂಡು ಹೋಗಿ ಅದರಲ್ಲಿ ಕತ್ತೆ ಮಲಗಿಸಿಕೊಂಡು ಬಂದದ್ದನ್ನು ಊರು ಜಗಲಿಯ ಮೇಲೆ ನಿಂತು ನೋಡಿತು. ಕೆಲವರು ನಕ್ಕರು. ನಾನು ಹಿಂದಿನಿಂದ ಗಾಡಿ ನೂಕುತ್ತಿದ್ದೆ. ಅಳು ಬರುತ್ತಿತ್ತು, ನಕ್ಕವರ ಮುಖವನ್ನೆಲ್ಲ ಒಂದೊಂದಾಗಿ ನೆನಪಿಟ್ಟುಕೊಳ್ಳುತ್ತಲೂ ಇದ್ದೆ.

ಮಂಗಳವಾರ ಡಾಕ್ಟರು ಗಾಯ ತೊಳೆದು, ಸತ್ತ ಮಾಂಸ ಕತ್ತರಿಸಿ, ಪುಡಿ ಹಾಕಿ ಕಟ್ಟಿದರು. ಮೂಳೆ ಉಳಿದಿದೆ ಎಂದರು. ಕುದುರೆ ಕತ್ತೆಗಳಿಗೆ ಧನುರ್ವಾಯು ಬೇಗ ಬರುತ್ತದಂತೆ. ಅದಕ್ಕೆ ಒಂದು ಸೂಜಿ ಹಾಕಬೇಕು, ಆ ಔಷಧಿ ಹುಣಸೂರಿನವರು ಕೊಟ್ಟದ್ದರಲ್ಲಿ ತರಿಸಿಟ್ಟದ್ದು.

“ಹಾಕಿ. ಕೊಟ್ಟೋರ್ಗೆ ನಾನೇ ಹೋಗಿ ಹೇಳ್ಕೋತೀನಿ” ಎಂದರು ಮಾವ.

“ಹಾಕೋದು ತಡ ಆಗಿದೆ. ಒಂದು ವಾರ ಬಾಯಿ ನೋಡ್ತಾ ಇರಿ. ದವಡೆ ಕಚ್ಚಿಕೊಂಡ್ರೆ ನನ್ನ ಕೈಲಿ ಏನೂ ಇಲ್ಲ” ಎಂದು ಡಾಕ್ಟರು ಸೈಕಲ್ ಹತ್ತಿದರು.

ಆ ವಾರ ಕತ್ತೆ ಏನೂ ತಿನ್ನಲಿಲ್ಲ. ಹಸಿ ಹುಲ್ಲು, ನೆನೆಸಿದ ಹುರುಳಿ, ಬೆಲ್ಲ, ಯಾವುದನ್ನು ಇಟ್ಟರೂ ಮುಖ ತಿರುಗಿಸುತ್ತಿತ್ತು. ಅದು ಜ್ವರವೋ ದವಡೆಯೋ ಯಾರಿಗೆ ಗೊತ್ತು? ಒಂದಿಷ್ಟು ಗಂಜಿ ಬಾಯಿಯ ಪಕ್ಕದಿಂದ ಹುಯ್ದರೆ ಅರ್ಧ ನನ್ನ ಸೀರೆಗೆ. ಮಡಿವಾಳಗಿತ್ತಿ ಹಗಲೆಲ್ಲ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹಾಗಾಗಿ ಪಟ್ಟಿಯ ಗಂಟನ್ನು ನಾನೇ ತಲೆಯ ಮೇಲೆ ಹೊತ್ತು ನಾಲೆಗೆ ಹೋದೆ. ಎರಡನೇ ದಿನಕ್ಕೆ ನನ್ನ ಕೈ ಬೊಕ್ಕೆ ಎದ್ದಿತು. ನಾನು ಒಗೆದದ್ದನ್ನು ಅವಳು ಬಿಸಿಲಿಗೆ ಹಿಡಿದು ನೋಡಿ, ಅರ್ಧವನ್ನು ಮತ್ತೆ ಒಗೆಯಲು ಎತ್ತಿಟ್ಟಳು.

ಮುಂದಿನ ಸೋಮವಾರ ಬಂತು. ಮಾವನವರು ಪೂಜೆ ಮುಗಿಸಿ ಬಾಗಿಲಲ್ಲಿ ನಿಂತರು. ಮಡಿವಾಳಗಿತ್ತಿ ಕತ್ತೆಯನ್ನು ಬಿಟ್ಟು ಎದ್ದು ಹೊರಗೆ ಬೇಲಿಯ ಹತ್ತಿರ ಹೋಗಿ ನಿಂತಳು. ಕೂಗುವ ಹೊತ್ತಿಗೆ ಅವಳು ಯಾವತ್ತೂ ಅಲ್ಲೇ ನಿಲ್ಲುವುದು. ಮೊದಲು ಕಟ್ಟೆಮಳಲವಾಡಿಯ ಹುಲ್ಲು ಕೂಗುವುದು ವಾಡಿಕೆ. ಮಾವನವರು ಒಮ್ಮೆ ಕೆಮ್ಮಿದರು.

“ಮಡಿವಾಳ್ರ ಮನೆಯವ್ರ ಕಟ್ಟುಬಟ್ಟೆ! ಬಸವ ಉಣ್ಲಿ!”

ಅವಳು ಹಿಂದಕ್ಕೆ ತಿರುಗಿ ನೋಡಿದಳು, ಯಾರು ಬಂದರು ಎಂದು. ಹಿಂದೆ ಯಾರೂ ಇರಲಿಲ್ಲ.

“ನಿನ್ನನ್ನೇ ಕಣವ್ವ ಕೂಗಿದ್ದು. ಹೇಳು” ಎಂದೆ.

ಅವಳ ತುಟಿ ಅಲುಗಿತು. “ಉಣ್ಲಿ ಬುಡಿ” ಎಂದಳು, ನನಗೊಬ್ಬಳಿಗೇ ಕೇಳುವಷ್ಟು. ಆಗಲೇ ಹಮಾಲನೊಬ್ಬ, “ಅಯ್ಯೋ, ಉಣ್ತಾ ಅದೆ ನೋಡಿ ಬುದ್ಧಿ!” ಎಂದು ಕಿರುಚಿದ. ಎಲ್ಲರೂ ತಿರುಗಿದೆವು. ಕತ್ತೆ ಕುತ್ತಿಗೆ ಬಗ್ಗಿಸಿ, ಕಾಲಿಗೆ ಕಟ್ಟಿದ ಪಟ್ಟಿಯ ತುದಿಯನ್ನು ಬಾಯಿಗೆ ಎಳೆದುಕೊಂಡು ಕಚಕಚ ಜಗಿಯುತ್ತಿತ್ತು. ದವಡೆ ಆ ಕಡೆ ಈ ಕಡೆ ಚೆನ್ನಾಗಿ ಆಡುತ್ತಿತ್ತು. ಮಾವನವರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಮಡಿವಾಳಗಿತ್ತಿ ಮಾತ್ರ ನಗಲೂ ಇಲ್ಲ, ಕತ್ತೆಯ ಹತ್ತಿರ ಓಡಲೂ ಇಲ್ಲ. ನನ್ನ ಪಕ್ಕಕ್ಕೆ ಬಂದು, ಇಲ್ಲದ ಸೆರಗನ್ನು ತಲೆಗೆ ಎಳೆದುಕೊಳ್ಳಲು ಕೈ ಎತ್ತಿ, ಮೆಲ್ಲಗೆ ಕೇಳಿದಳು:

“ಅವ್ವ, ಇನ್ನೊಂದ್ ಕಿತ ಕೂಗಾಕಿಲ್ವಾ?”

ಮಾವನವರಿಗೆ ಅದು ಕೇಳಿಸಿತು. ಅವರು ಕಣ್ಣೊರೆಸಿಕೊಂಡು, ನೆಟ್ಟಗೆ ನಿಂತು, ಇನ್ನೊಂದು ಸಲ ಕೂಗಿದರು.