ಕಥೆಯಲ್ಲಿಲ್ಲದ ಗಂಟು

ಸುಳ್ಳು ಹೇಳಿದವರಿಗೆ ಚಹಾ ಮತ್ತು ಪರಿಪ್ಪುವಡೆ ಕೊಟ್ಟು ಕಳಿಸುವ ಜಾಗ ಒಂದುಂಟು ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಅಲ್ಲಿಗೆ ವಾರವಾರ ಹೋಗುತ್ತಿದ್ದೆ. ಅದು ಗಡಿನಾಡಿನ ನಮ್ಮ ಕಡೆಯ ಒಂದು ಮೆಡಿಕಲ್ ಕಾಲೇಜು. ಕುರ್ಚಿಯಲ್ಲಿ ಕುಳಿತು ನನಗಿಲ್ಲದ ಕಾಯಿಲೆಯನ್ನು ವರ್ಣಿಸುವುದು ನನ್ನ ಕೆಲಸ. ಅದನ್ನು ನಂಬಿ ಪ್ರಶ್ನೆ ಕೇಳುವುದು ಎದುರಿಗೆ ಕುಳಿತ ವಿದ್ಯಾರ್ಥಿಯ ಕೆಲಸ.

ಇದರ ಹಿನ್ನೆಲೆ ಸರಳ. ಅಲ್ಲಿ ಕಲಿಯುವ ಮಕ್ಕಳಲ್ಲಿ ಹೆಚ್ಚಿನವರು ತೆಂಕಣ ಜಿಲ್ಲೆಗಳವರು, ಅವರಿಗೆ ಬರುವುದು ಮಲಯಾಳ. ಪೆರ್ಲ, ನೆಕ್ರಾಜೆಯಂಥ ಸುತ್ತಲಿನ ಊರುಗಳಿಂದ ಬರುವ ರೋಗಿಗಳ ಬಾಯಲ್ಲಿ ಕನ್ನಡ, ತುಳು. ಈ ಮಕ್ಕಳಿಗೆ ಪಾಠ ಮಾಡುವ ಡಾಕ್ಟರ್ ಜಯಶ್ರೀ, ಬೇರೆ ಕಾಲೇಜೊಂದರಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿಯಾಗಿದ್ದ ನನ್ನನ್ನು ಹಿಡಿದರು. "ನೀವು ಇವರಿಗೆ ಸ್ವಲ್ಪ ಕನ್ನಡ ಕಲಿಸಿ. ಹಾಗೆಯೇ ರೋಗಿಯ ಪಾರ್ಟು ಕೂಡ ಮಾಡಿ. ಡಿಬೇಟಿನವರಲ್ವಾ, ನಿಮಗೆ ಕಷ್ಟ ಆಗ್ಲಿಕ್ಕಿಲ್ಲ."

ಕಷ್ಟವೇನೂ ಆಗಲಿಲ್ಲ. ಕಾಲೇಜು ದಿನಗಳ ಚರ್ಚಾಸ್ಪರ್ಧೆಗಳಲ್ಲಿ ಪರ ಎಂದರೆ ಪರ, ವಿರೋಧ ಎಂದರೆ ವಿರೋಧ ಮಾತಾಡಿ ಕಪ್ ಗೆದ್ದವಳು ನಾನು. ಇಲ್ಲದ ಅಭಿಪ್ರಾಯಕ್ಕೆ ಜೀವ ಕೊಟ್ಟವಳಿಗೆ ಇಲ್ಲದ ಕಾಯಿಲೆ ಎಷ್ಟರದ್ದು?

ರೋಗಿಯ ಕಥೆಯನ್ನು ಬರೆದವಳೂ ನಾನೇ. ನಮ್ಮವರ ಒಂದು ಕ್ರಮವನ್ನು ನೀವೂ ಗಮನಿಸಿರಬಹುದು: ಡಾಕ್ಟರ ಎದುರು ಕುಳಿತಾಗ ಮುಖ್ಯ ವಿಷಯವನ್ನು ಹೇಳುವುದೇ ಇಲ್ಲ. ಎದೆ ಹಿಂಡಿದರೂ "ಗ್ಯಾಸ್" ಎನ್ನುತ್ತಾರೆ. ಮಾತ್ರೆ ಬರೆಸಿಕೊಂಡು, ಚೀಲ ಎತ್ತಿಕೊಂಡು, ಬಾಗಿಲ ಹತ್ತಿರ ನಿಂತು, ಹೋಗುವ ದಾರಿಯಲ್ಲಿ ನೆನಪಾದ ಹಾಗೆ ನಿಜ ಹೇಳುತ್ತಾರೆ. ಆದ್ದರಿಂದ ಬೋವಿಕಾನದ ಸರಸ್ವತಿ ಎಂಬ ಹೆಂಗಸನ್ನು ಸೃಷ್ಟಿಸಿದೆ. ಅವಳಿಗೆ ಗ್ಯಾಸು, ಹುಳಿತೇಗು, ಗಂಟಲು ಒಣಗುವುದು. ಮಾತಿನ ನಡುವೆ ನೀರು ಕುಡಿಯುತ್ತಾಳೆ. ಕೊನೆಗೆ ಬಾಗಿಲಲ್ಲಿ ನಿಂತು, "ಮೆಟ್ಟಿಲು ಹತ್ತುವಾಗ ಎಡಗೈ ಸ್ವಲ್ಪ ಭಾರ ಆಗ್ತದೆ ಡಾಕ್ಟ್ರೇ. ಅದು ಎಂತ ಇಲ್ಲ ಅಲ್ವಾ?" ಎನ್ನುತ್ತಾಳೆ. ಹೃದಯದ ತೊಂದರೆಯ ಸೂಚನೆಯಾದ ಆ ಮಾತನ್ನು ಹಿಡಿದು ಅವಳನ್ನು ವಾಪಸ್ ಕೂರಿಸುವವರು ಪಾಸು.

ಮೊದಲ ದಿನವೇ ನಾನು ದಂಗಾದೆ. ಒಬ್ಬ ಹುಡುಗ ನನ್ನ ಮುಖ ನೋಡದೆ ಮೇಜಿನ ಜೊತೆ ಮಾತಾಡಿದ. ಇನ್ನೊಬ್ಬ, ಎಡಗೈ ಭಾರ ಎಂದದ್ದಕ್ಕೆ, "ಸಾರ ಇಲ್ಲ ಚೇಚಿ, ಚೀಲ ಬಲಗೈಯಲ್ಲಿ ಹಿಡಿಯಿರಿ" ಎಂದ; ಚೇಚಿ ಎಂದರೆ ಅವರಲ್ಲಿ ಅಕ್ಕ. ನಾನು ಕಲಿಸಿದ ಕನ್ನಡದಲ್ಲಿ ಒಂದು ತಪ್ಪೂ ಇರಲಿಲ್ಲ; ಸರಸ್ವತಿ ಮಾತ್ರ ಸಂಜೆಯೊಳಗೆ ಸತ್ತಿರುತ್ತಿದ್ದಳು. ನಮ್ಮ ಜೀವ ನಾಳೆ ಇವರ ಕೈಯಲ್ಲಿ! ಮೂಲೆಯಲ್ಲಿ ಕುಳಿತ ಡಾಕ್ಟರ್ ಜಯಶ್ರೀ ಶಾಂತವಾಗಿ, "ಇಲ್ಲಿ ಕೊಲ್ಲಲಿ ಬಿಡಿ. ಅದಕ್ಕೇ ಅಲ್ವಾ ನೀವಿರುವುದು?" ಎಂದರು.

ಹಿಂದಿನ ಕಾಲದ ಆಯುರ್ವೇದದವರು ವೈದ್ಯರಿಗೆ ವಾದ ಮಾಡುವುದನ್ನೂ ಕಲಿಸುತ್ತಿದ್ದರಂತೆ. ಸತ್ಯಕ್ಕಾಗಿ ಮಾಡುವ ಮಾತು ವಾದ, ಗೆಲ್ಲಲಿಕ್ಕೆ ಮಾಡುವುದು ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವರದ್ದನ್ನು ಕೆಡವುವುದಷ್ಟೇ ವಿತಂಡ. ಈ ಮೂರರಲ್ಲಿ ನನ್ನದು ಯಾವುದೆಂದು ಅಮ್ಮನನ್ನು ಕೇಳಬೇಡಿ.

ಹೀಗಿರುವಾಗ ಒಂದು ದಿನ ಆಲಪ್ಪುಳ ಕಡೆಯ ಅನಘ ಎಂಬ ಹುಡುಗಿಯ ಸರದಿ ಬಂತು. ಸಣ್ಣ ಸ್ವರ, ಸಣ್ಣ ಆಳು. ನಾನು ಗ್ಯಾಸಿನ ಕಥೆ ಶುರುಮಾಡಿದೆ, ನಡುವೆ ನೀರು ಕುಡಿದೆ. ಅವಳ ಪ್ರಶ್ನೆ ನಿಂತಿತು. ಕಣ್ಣು ನನ್ನ ಮುಖಕ್ಕಿಂತ ಸ್ವಲ್ಪ ಕೆಳಗಿತ್ತು.

"ಚೇಚಿ, ಇನ್ನೊಮ್ಮೆ ನೀರು ಕುಡಿಯುವಿರಾ?"

ಕುಡಿದೆ.

"ಇನ್ನೂ ಒಮ್ಮೆ."

"ಎಂತ ಮಾರಾಯ್ತಿ, ಬಾವಿ ಖಾಲಿ ಮಾಡಿಸ್ತೀಯಾ?" ಎಂದು ಸರಸ್ವತಿಯ ಧಾಟಿಯಲ್ಲೇ ಗದರಿದೆ. ಅವಳು ನಗಲಿಲ್ಲ. ಎದ್ದು ನನ್ನ ಹಿಂದೆ ಬಂದು, ಅನುಮತಿ ಕೇಳಿ, ಎರಡೂ ಕೈಯ ಬೆರಳುಗಳನ್ನು ಕುತ್ತಿಗೆಗೆ ಇಟ್ಟಳು.

"ಇಲ್ಲಿ ಒಂದು ಗಂಟು ಉಂಟು."

ನಾನು ಪಾರ್ಟು ಬಿಟ್ಟೆ. "ನೋಡು ಅನಘಾ, ಅದು ಕಥೆಯಲ್ಲಿ ಇಲ್ಲ."

"ಕಥೆಯಲ್ಲಿ ಇಲ್ಲ ಚೇಚಿ. ಕುತ್ತಿಗೆಯಲ್ಲಿ ಉಂಟು."

ಇಷ್ಟು ವರ್ಷಗಳಲ್ಲಿ ಇಷ್ಟು ಚಿಕ್ಕ ವಾಕ್ಯಕ್ಕೆ ನಾನು ಸೋತದ್ದಿಲ್ಲ. ಆದರೂ ಸೋಲೊಪ್ಪಲಿಲ್ಲ. ದಿನಾ ಕನ್ನಡಿ ನೋಡುವವಳು ನಾನು, ನನಗೆ ಕಾಣದ್ದು ನಿನಗೆ ಹೇಗೆ ಕಂಡಿತು? ಎಲ್ಲರ ಕುತ್ತಿಗೆಯೂ ನುಂಗುವಾಗ ಏರಿಳಿಯುವುದಿಲ್ಲವೇ? ಅವಳು ಒಂದಕ್ಕೂ ಎದುರಾಡದೆ ಮೂಲೆಯತ್ತ ನೋಡಿದಳು. ಡಾಕ್ಟರ್ ಜಯಶ್ರೀ ಎದ್ದು ಬಂದು ತಾವೂ ಮುಟ್ಟಿ ನೋಡಿದರು. ಮತ್ತೊಮ್ಮೆ ನೀರು ನುಂಗಿಸಿ, ಕುರ್ಚಿ ಎಳೆದು ನನ್ನ ಎದುರಿಗೆ ಕುಳಿತರು.

"ಥೈರಾಯ್ಡಿನ ಗಂಟು ಇರಬೇಕು. ಇಂಥದ್ದರಲ್ಲಿ ಹೆಚ್ಚಿನವು ಏನೂ ಮಾಡುವುದಿಲ್ಲ. ಆದರೆ ಪರೀಕ್ಷೆ ಮಾಡದೆ ಹೇಳುವ ಹಾಗಿಲ್ಲ. ನಾಳೆ ಬೆಳಿಗ್ಗೆ ಚೀಟಿ ಮಾಡಿಸಿ ಇಲ್ಲಿನ ಓಪಿಗೆ ಬನ್ನಿ."

ಹೆಚ್ಚಿನವು ಎಂದರೆ ಎಲ್ಲವೂ ಅಲ್ಲ. ಎದುರಾಳಿಗಳನ್ನು ಇಂಥ ಎಳೆ ಹಿಡಿದೇ ನಾನು ಬಿಚ್ಚಿ ಹಾಕುತ್ತಿದ್ದದ್ದು. ಈಗ ಅದೇ ಮಾತು ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕುಳಿತು ಮನೆಯವರೆಗೂ ಬಂತು.

"ನಿನ್ನ ನಾಲಗೆಗೆ ಏನಾದ್ರೂ ಆಗ್ತದೆ ಅಂತ ಗ್ರಹಿಸಿದ್ದೆ. ಕುತ್ತಿಗೆಗೆ ಆಯ್ತಾ?" ಎಂದರು ಅಮ್ಮ. ಎಂದವರು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದರು. ಬೇರೆ ದಿನವಾದರೆ ದೀಪಕ್ಕೂ ಗಂಟಿಗೂ ಏನು ಸಂಬಂಧ ಎಂದು ನಾನು ಕೇಳುತ್ತಿದ್ದೆ. ಅಂದು ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ಅಮ್ಮ ಹೆದರಿದರು.

ಸ್ಕ್ಯಾನ್ ಆಯಿತು, ಸೂಜಿ ಚುಚ್ಚಿ ಗಂಟಿನ ಚೂರು ತೆಗೆದರು. ಓಪಿಯ ಡಾಕ್ಟರು "ಎಷ್ಟು ಸಮಯದಿಂದ ಉಂಟು?" ಎಂದು ಕೇಳಿದರು. ಸರಸ್ವತಿಯ ಹುಳಿತೇಗಿನ ಇತಿಹಾಸವನ್ನು ನಿದ್ದೆಯಲ್ಲೂ ಹೇಳಬಲ್ಲ ನನಗೆ ನನ್ನದೇ ಕುತ್ತಿಗೆಯ ಬಗ್ಗೆ ಒಂದಕ್ಷರ ಗೊತ್ತಿರಲಿಲ್ಲ. ಫಲಿತಾಂಶ ಬರುವವರೆಗೆ ತಲೆಯೊಳಗೆ ಪರ ಮತ್ತು ವಿರೋಧ ಎರಡೂ ತಂಡ ನಾನೇ ಆಗಿ ವಾದಿಸಿದೆ. ಗೆಲ್ಲಲೇಬೇಕೆಂದು ನಾನು ಹಾರೈಸಿದ ತಂಡದ ಬಳಿ ಒಂದೇ ಒಂದು ಸಾಕ್ಷಿ ಇರಲಿಲ್ಲ. ಸಂಶಯವನ್ನೇ ಉಸಿರಾಡಿದವಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ?

ಗಂಟು ಪಾಪದ್ದು ಎಂದು ಬಂತು. ಕೆಟ್ಟದ್ದೇನಿಲ್ಲ, ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿದ್ದರೆ ಸಾಕು. ನಾನು ಅತ್ತುಬಿಟ್ಟೆ. ಅಮ್ಮ ಆ ಫಲಿತಾಂಶವನ್ನು ದೀಪದ ಲೆಕ್ಕಕ್ಕೆ ಹಾಕಿಕೊಂಡರು. ಅನಘ ಫೋನಿನಲ್ಲಿ "ಸಮಾಧಾನ ಆಯ್ತು ಚೇಚಿ" ಎಂದವಳು, "ಆದರೆ ಸರಸ್ವತಿಯ ಎಡಗೈ ನಾನು ಕೇಳಲೇ ಇಲ್ಲ. ಮೇಡಮ್ ಫೇಲ್ ಮಾಡಿದರು" ಎಂದಳು. ನಾನು ಮತ್ತೆ ದಂಗಾದೆ. ಡಾಕ್ಟರ್ ಜಯಶ್ರೀಗೆ ಫೋನು ಮಾಡಿ, ನಿಜವಾದ ರೋಗ ಹಿಡಿದವಳನ್ನು ಫೇಲ್ ಮಾಡುವುದು ಯಾವ ನ್ಯಾಯವೆಂದು ಅರ್ಧ ಗಂಟೆ ವಾದಿಸಿದೆ. "ನಿಮಗೆ ಗಂಟು ಇದ್ದ ಕಾರಣ ಸರಸ್ವತಿ ಸಾಯಬೇಕಾ?" ಎಂದು ಕೇಳಿ ಅವರು ಗೆದ್ದರು. ಮುಂದಿನ ವಾರ ಅನಘಳನ್ನು ಇನ್ನೊಮ್ಮೆ ಕೂರಿಸಿದರಂತೆ, ಪಾಸಾದಳು.

ಈಗ ನಾನು ಸರಸ್ವತಿಯಾಗುವುದಿಲ್ಲ. ಆ ಪಾರ್ಟಿಗೆ ಬೇರೊಬ್ಬರು ಸಿಕ್ಕಿದ್ದಾರೆ. ನನ್ನನ್ನು ಕರೆಯುವುದು ಕುತ್ತಿಗೆಗಾಗಿ. ಹೊಸ ಮಕ್ಕಳು ಒಬ್ಬೊಬ್ಬರಾಗಿ ಹಿಂದೆ ಬಂದು ನಿಂತು ಬೆರಳಿಡುತ್ತಾರೆ. ಮೊನ್ನೆ ಒಬ್ಬ ಹುಡುಗ ಅತ್ತ ಇತ್ತ ತಡಕಿ, "ಎಂತದೂ ಇಲ್ಲ, ನಾರ್ಮಲ್" ಎಂದುಬಿಟ್ಟ. ಹಿಂದಿನ ನಾನಾದರೆ ಅವನನ್ನು ಪ್ರಶ್ನೆಗಳಲ್ಲೇ ಅರೆದು ಚಟ್ನಿ ಮಾಡುತ್ತಿದ್ದೆ. ಆದರೆ ಈ ಸಲ ಎದುರಿನವನು ಸೋತರೆ ಯಾರಿಗೆ ನಷ್ಟವೆಂದು ಗೊತ್ತಿತ್ತು. ಅವನ ತಣ್ಣಗಿನ ಬೆರಳನ್ನು ಹಿಡಿದು ನಾನೇ ಸರಿಯಾದ ಜಾಗಕ್ಕೆ ಇಟ್ಟೆ.

"ಇಲ್ಲಿ. ಈಗ ನುಂಗುತ್ತೇನೆ, ಗಮನ ಕೊಡು."